ಮಣ್ಣಿನ ಮನೆಯ ತಂಪು

ಸರಕಾರದ ಕಾಗದಪತ್ರಗಳಲ್ಲಿ ನಮ್ಮ ಕಡೆಯ ಹಳೆಯ ಮನೆಗಳಿಗೆ ಇರುವುದು ಒಂದೇ ಹೆಸರು: ‘ಕಚ್ಚಾ ಮನೆ’. ಕಚ್ಚಾ ಎಂದರೆ ಇನ್ನೂ ಹಣ್ಣಾಗದ್ದು, ಬೇಯದ್ದು, ಅರ್ಧಕ್ಕೆ ನಿಂತದ್ದು. ಮೂರು ತಲೆಮಾರು ಬಾಳಿ ಬದುಕಿದ, ಎಷ್ಟೋ ಮದುವೆ, ಎಷ್ಟೋ ಬಾಣಂತನ ಕಂಡ ಮನೆ ಇನ್ನೂ ಕಚ್ಚಾ! 2011ರ ಜನಗಣತಿಗಾಗಿ ಅದರ ಹಿಂದಿನ ವರ್ಷ ಮನೆಪಟ್ಟಿ ಮಾಡಲು ಹೊರಟ ಶಿಕ್ಷಕರಲ್ಲಿ ನಾನೂ ಒಬ್ಬಳು. ಆ ನಮೂನೆಯಲ್ಲಿ ಗೋಡೆಗೆ ಒಂದು ಅಂಕಿ, ಚಾವಣಿಗೆ ಒಂದು ಅಂಕಿ ಬರೆಯಬೇಕು. ಚಾವಣಿಯ ಸಾಲಿನಲ್ಲಿ ಹುಲ್ಲು, ಬಿದಿರು, ಕಟ್ಟಿಗೆ, ಮಣ್ಣು ಎಲ್ಲಕ್ಕೂ ಸೇರಿ ಒಂದೇ ಅಂಕಿ. ಹೊಲದ ಬದುವಿನ ಮೇಲಿನ ಹುಲ್ಲಿನ ಗುಡಿಸಲಿಗೂ, ಊರ ನಡುವಿನ ಹನ್ನೆರಡು ಖಣದ, ಮೊಳದಷ್ಟು ದಪ್ಪದ ಮಾಳಿಗೆಗೂ ಅದೇ ಅಂಕಿ. ಎಣಿಸುವವರಿಗೆ ಇದು ಸುಲಭ. ಆದರೆ ಮಾಳಿಗೆ ಎಂದರೇನು ಎಂದು ಬಲ್ಲವರಿಗೆ ಆ ಅಂಕಿಯೊಳಗೆ ಒಂದು ಇಡೀ ವಿದ್ಯೆ ಮುಳುಗಿಹೋದದ್ದು ಕಾಣುತ್ತದೆ.

ಇದು ತೆಗಳುವವರ ಕಡೆಯ ಮಾತಾಯಿತು. ಈಗ ಹತ್ತಿಪ್ಪತ್ತು ವರ್ಷಗಳಿಂದ ಹೊಗಳುವವರ ಸದ್ದೂ ಜೋರಾಗಿದೆ. ಪತ್ರಿಕೆಗಳ ರವಿವಾರದ ಪುರವಣಿಗಳಲ್ಲಿ, ನುಣುಪು ಕಾಗದದ ಚಿತ್ರಪುಸ್ತಕಗಳಲ್ಲಿ ಮಣ್ಣಿನ ಮನೆಗಳದೇ ಮೆರವಣಿಗೆ. ಬೆಂಗಳೂರಿನ ಹೊರಗೆ ಬಹಳ ಹಣ ಸುರಿದು ಕಟ್ಟಿಸಿದ ಮಣ್ಣಿನ ಮನೆಯ ಫೋಟೋ ನೋಡಿ ನಾವು ಹುಬ್ಬೇರಿಸುತ್ತೇವೆ. ಹಳ್ಳಿಯಲ್ಲಿ ಮಣ್ಣಿನ ಮನೆಯಲ್ಲಿದ್ದವರಿಗೆ ನಾಚಿಕೆ, ಪಟ್ಟಣದಲ್ಲಿ ಮಣ್ಣಿನ ಮನೆ ಕಟ್ಟಿಸಿದವರಿಗೆ ಹೆಮ್ಮೆ. ಕಾಲ ಹೀಗೂ ತಿರುಗುತ್ತದೆ.

ನನ್ನ ತಕರಾರು ಇಬ್ಬರ ಮೇಲೂ ಇದೆ. ತೆಗಳುವವರು ಮಣ್ಣನ್ನು ನೋಡಿ ಮೂಗು ಮುರಿಯುತ್ತಾರೆ, ಹೊಗಳುವವರು ಮಣ್ಣನ್ನು ನೋಡಿ ಕಣ್ಣರಳಿಸುತ್ತಾರೆ. ಆ ಮಣ್ಣು ಗೋಡೆಯಾಗಿ ನಿಲ್ಲಲು, ನೆಲವಾಗಿ ಹೊಳೆಯಲು, ಮಾಳಿಗೆಯಾಗಿ ಸೋರದಿರಲು ವರುಷ ವರುಷ ದುಡಿದ ಕೈ ಮಾತ್ರ ಇಬ್ಬರ ಲೆಕ್ಕದಲ್ಲೂ ಇಲ್ಲ. ಆ ಕೈ ಹೆಂಗಸರದು. ಮನೆಯನ್ನು ತೂಗಿ ನೋಡುವಾಗ ಅದನ್ನು ಬಿಟ್ಟರೆ ತೂಕ ತಪ್ಪುತ್ತದೆ ಎಂಬುದಷ್ಟೇ ಈ ಬರಹದ ಮಾತು.

ಮೊದಲು ಮನೆಯನ್ನೇ ನೋಡೋಣ. ಇಂಡಿ, ಸಿಂದಗಿ ಕಡೆ ಹೊರಟರೆ ಕಣ್ಣು ಹಾಯುವವರೆಗೂ ಎರೆಭೂಮಿ. ಗಿಡಮರ ಕಡಿಮೆ. ಮಳೆ ವರ್ಷಕ್ಕೆ ಐದಾರುನೂರು ಮಿಲಿಮೀಟರ್. ಬೇಸಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಇದು ಮರುಭೂಮಿಯಲ್ಲ, ಬಿಳಿಜೋಳದ ಕಣಜ; ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಬಸ್ಸಿಳಿದವರಿಗೆ ಮರುಭೂಮಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಇಂಥ ಸೀಮೆಯಲ್ಲಿ ಇಳಿಜಾರು ಹಂಚಿನ ಮನೆಗಿಂತ ಸಮತಟ್ಟು ಮಣ್ಣಿನ ಮಾಳಿಗೆಯೇ ಸರಿ ಎಂದು ನಮ್ಮ ಹಿರಿಯರು ಕಂಡುಕೊಂಡರು. ಮುದ್ದೇಬಿಹಾಳದ ಆಚೆ, ತಾಳಿಕೋಟಿಯ ಕಡೆ ಪರಸಿ ಕಲ್ಲು ಸಿಗುತ್ತದೆ. ಅಲ್ಲಿಯವರು ನೆಲಕ್ಕೆ, ಮಾಡಿಗೆ ಕಲ್ಲು ಬಳಸಿದರು. ಕಲ್ಲಿನ ಹಾಸು ಸಿಗದ ನಾವು ಕಾಲಡಿಯ ಮಣ್ಣನ್ನೇ ನಂಬಿದೆವು.

ಆದರೆ ಎಲ್ಲ ಮಣ್ಣೂ ಮನೆಗಾಗುವುದಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅದರಿಂದ ಗೋಡೆ ಕಟ್ಟಿದರೆ ವರ್ಷ ನಿಲ್ಲುವುದಿಲ್ಲ. ಗೋಡೆಗೆ ಬೇಕಾದದ್ದು ಊರ ಹತ್ತಿರದ ಬಿಳಿಮಣ್ಣು, ಹಾಳುಗೋಡೆಯ ಹಳೆಯ ಮಣ್ಣು. ಅದಕ್ಕೆ ಹೊಟ್ಟು ಬೆರೆಸಿ, ನೀರು ಬಿಟ್ಟು, ದಿನಗಟ್ಟಲೆ ಕೊಳೆಸಿ, ತುಳಿದು ಹದ ಮಾಡಬೇಕು. ಕಲ್ಲು ಮತ್ತು ಆ ರಾಡಿ ಸೇರಿಸಿ ಎರಡು ಮೂರು ಅಡಿ ದಪ್ಪದ ಗೋಡೆ ಏಳುತ್ತದೆ. ಒಳಗೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಎರಡು ಕಂಬಗಳ ನಡುವಿನ ಜಾಗವೇ ಒಂದು ಖಣ ಅಥವಾ ಅಂಕಣ. ಎಂಟು ಖಣದ ಮನೆ, ಹನ್ನೆರಡು ಖಣದ ಮನೆ ಎಂದು ಮನೆಯ ದೊಡ್ಡಸ್ತಿಕೆ ಹೇಳುವುದು ಇದರಿಂದಲೇ. ಜಂತಿಯ ಮೇಲೆ ಸಣ್ಣ ಕಟ್ಟಿಗೆ, ತೊಗರಿಕಟ್ಟಿಗೆ, ಬೇವಿನ ಸೊಪ್ಪು. ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣು.

ಈ ಕರಲು ಮಣ್ಣಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಸವಳಾದ, ಉಪ್ಪುಪ್ಪಾದ, ಬಿತ್ತಿದರೆ ಏನೂ ಬೆಳೆಯದ ಜಾಗದ ಮಣ್ಣು ಅದು. ಡೋಣಿ ನದಿಯ ಸೀಮೆಯವರಿಗೆ ಸವಳು ಹೊಸದಲ್ಲ. ಅದರಲ್ಲಿ ಸೋಡಿಯಂ ಲವಣ ಹೆಚ್ಚಿರುವುದರಿಂದ ನೀರು ಬಿದ್ದೊಡನೆ ಅದರ ಕಣಗಳು ಬಿಡಿಬಿಡಿಯಾಗಿ ಹರಡಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಮೇಲಿಂದಲೇ ಹರಿದು ಹೋಗುತ್ತದೆ. ಹೊಲಕ್ಕೆ ಶಾಪವಾದದ್ದು ಮಾಳಿಗೆಗೆ ವರ! ಇದನ್ನು ಯಾವ ಕಾಲೇಜಿನಲ್ಲೂ ಓದದೆ ಕಂಡುಕೊಂಡ ಜನರ ಮನೆಯನ್ನು ಕಚ್ಚಾ ಎನ್ನಲು ನಾಲಿಗೆಗೆ ಸ್ವಲ್ಪ ಸಂಕೋಚವಾಗಬೇಕು.

ಒಳಗಿನ ಏರ್ಪಾಡೂ ಹಾಗೆಯೇ. ತಲಬಾಗಿಲು ದಾಟಿದರೆ ದನ ಕಟ್ಟುವ ತಗ್ಗಿನ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಆಮೇಲೆ ನಡುಮನೆ, ದೇವರಮನೆ, ಅಡುಗೆಮನೆ. ಕಿಟಕಿ ಇಲ್ಲವೆಂದೇ ಹೇಳಬೇಕು. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಕಾಳು ಕೆಡದಂತೆ ಕಾಯಲು ನೆಲದೊಳಗೆ ಹಗೇವು. ಹೊರಗೆ ಕೆಂಡ ಸುರಿಯುತ್ತಿದ್ದರೂ ಒಳಗೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತರೆ ಜೀವಕ್ಕೆ ತಂಪು. ದಪ್ಪ ಗೋಡೆ, ದಪ್ಪ ಮಾಳಿಗೆ ಹಗಲಿನ ಕಾವನ್ನು ತಾವು ಹೀರಿಕೊಂಡು, ಅದು ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ. ಹೊಗಳುವವರು ಇಲ್ಲಿಯವರೆಗೆ ಹೇಳುವುದೆಲ್ಲ ನಿಜ. ಅವರು ನಿಲ್ಲಿಸುವ ಜಾಗದಿಂದಲೇ ನನ್ನ ಮಾತು ಶುರುವಾಗುತ್ತದೆ.

ನನ್ನ ಆಯಿ ಹೇಳುತ್ತಿದ್ದಳು: “ಮಾಳಗಿ ಅಂದ್ರ ಎಮ್ಮಿ ಇದ್ದಂಗವಾ. ಮೈ ತಿಕ್ಕತಿರಬೇಕು. ಬಿಟ್ಟಿ ಅಂದ್ರ ಬರಗೆಡತೈತಿ.” ಮೈ ತಿಕ್ಕುವುದೆಂದರೆ ಏನೆಂದು ಗೊತ್ತಿರುವ ಗೆಳತಿಯರು ನಿಮ್ಮಲ್ಲೂ ಇರಬಹುದು. ನಮ್ಮ ತವರುಮನೆಯ ಲೆಕ್ಕ ಹೇಳುತ್ತೇನೆ. ಎಂಟು ಖಣದ ಮನೆ. ವಾರಕ್ಕೆ ಎರಡು ಸಲ ನೆಲ ಸಾರಿಸಬೇಕು. ಸೆಗಣಿ ತರುವುದು, ಕಲಸುವುದು, ಸಾರಿಸುವುದು ಸೇರಿ ಒಂದೊಂದು ಸಲಕ್ಕೆ ಎರಡು ತಾಸು. ವರ್ಷಕ್ಕೆ 208 ತಾಸು. ದಿನಕ್ಕೆ ಎಂಟು ತಾಸಿನ ಕೂಲಿಯ ಲೆಕ್ಕದಲ್ಲಿ 26 ದಿನ. ಯುಗಾದಿಗೆ ಒಮ್ಮೆ, ಮಹಾನವಮಿಗೆ ಒಮ್ಮೆ ಗೋಡೆಗೆ ಮಣ್ಣು ಮೆತ್ತಿ, ಸಾರಿಸಿ, ಸುಣ್ಣ ಬಳಿಯಬೇಕು. ಅವ್ವ ಮತ್ತು ಚಿಗವ್ವ ಇಬ್ಬರೂ ನಾಲ್ಕು ನಾಲ್ಕು ದಿನ ಕೈಹಚ್ಚಿದರೆ ಅದು ವರ್ಷಕ್ಕೆ 16 ದಿನದ ದುಡಿಮೆ. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಬುಟ್ಟಿಯಲ್ಲಿ ಹೊತ್ತು ಮಾಳಿಗೆಗೆ ಏರಿಸುವ ಕೆಲಸ 3 ದಿನ. ಒಟ್ಟು 45 ದಿನ. ಇದರಲ್ಲಿ ನೀರು ಹೊತ್ತದ್ದು ಸೇರಿಲ್ಲ. ನಡುರಾತ್ರಿ ಮಳೆ ಬಂದಾಗ ಎದ್ದು ಬೆಳಕಿಂಡಿ ಮುಚ್ಚಿದ್ದು, ಸೋರುವ ಕಡೆ ಪಾತ್ರೆ ಇಟ್ಟದ್ದು, ಬೆಳಗಾದ ಮೇಲೆ ಮಾಳಿಗೆ ಏರಿ ಇಲಿಯ ತೂತು ಹುಡುಕಿ ತುಳಿದು ಮುಚ್ಚಿದ್ದು ಯಾವುದೂ ಸೇರಿಲ್ಲ.

ಈಗ ಸರಕಾರದ ಇನ್ನೊಂದು ಮಾತನ್ನು ಇದರ ಪಕ್ಕಕ್ಕಿಟ್ಟು ನೋಡಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ನಿಯಮದಲ್ಲಿ ಪಕ್ಕಾ ಮನೆ ಎಂದರೇನೆಂದು ಬರೆದಿದ್ದಾರೆ. ಗಾಳಿ-ಮಳೆ, ದಿನನಿತ್ಯದ ಬಳಕೆ ತಡೆದುಕೊಂಡು, ಸಾಮಾನ್ಯ ದುರಸ್ತಿಯೊಂದಿಗೆ ಕನಿಷ್ಠ 30 ವರ್ಷ ಬಾಳುವ ಮನೆಯೇ ಪಕ್ಕಾ ಎಂಬುದು ಅದರ ತಾತ್ಪರ್ಯ. ಈ ಅಳತೆಗೋಲು ಹಿಡಿದರೆ ನಮ್ಮ ಕಡೆಯ ಎಷ್ಟೋ ಮಾಳಿಗೆ ಮನೆಗಳು ಎರಡೆರಡು ಸಲ ಪಕ್ಕಾ ಆಗಬೇಕು. ಆದರೆ ನನ್ನ ಕಣ್ಣು ನಿಂತದ್ದು ‘ಸಾಮಾನ್ಯ ದುರಸ್ತಿ’ ಎಂಬ ಮಾತಿನ ಮೇಲೆ. ವರ್ಷಕ್ಕೆ 45 ದಿನದಂತೆ 30 ವರ್ಷಕ್ಕೆ 1350 ದಿನ. ಅಂದರೆ ಒಂದು ರವಿವಾರವೂ ಬಿಡದೆ ಮೂರು ವರ್ಷ ಎಂಟು ತಿಂಗಳು. ಮನೆ ಎದ್ದು ನಿಂತಿರಲಿ ಎಂದು ಮನೆಯ ಹೆಣ್ಣುಮಕ್ಕಳು ಬಗ್ಗಿ ದುಡಿದ ಕಾಲ ಅದು. ಕೂಲಿ ಇಲ್ಲ, ಹೆಸರಿಲ್ಲ, ಮನೆಯ ಉತಾರದಲ್ಲಿ ಅವರ ಹೆಸರೂ ಇಲ್ಲ.

ನಮ್ಮ ಶಾಲೆಗೆ ಮಗಳನ್ನು ಬಿಡಲು ಬರುತ್ತಿದ್ದ ಒಬ್ಬ ತಾಯಿಯ ಹತ್ತಿರ ಒಮ್ಮೆ ಇದೇ ಮಾತು ಬಂತು. ಅವರು ಹಳೆಯ ಮನೆ ಕೆಡವಿ ಎರಡು ಕೋಣೆಯ ಸಿಮೆಂಟಿನ ಮನೆ ಕಟ್ಟಿಸುತ್ತಿದ್ದರು. “ಆ ಮನೀನ ತಂಪ ಇತ್ತಲ್ಲಬೇ” ಎಂದೆ. ಆಕೆ ನಕ್ಕು, “ತಂಪ ಇತ್ರಿ ಅಕ್ಕಾರ, ಇಲ್ಲ ಅನ್ನೂದಿಲ್ಲ. ಆದ್ರ ನನ್ನ ಮೊಣಕಾಲ ಒಮ್ಮಿ ಕೇಳ್ರಿ, ಅದು ಏನ ಹೇಳತೈತಿ” ಅಂದಳು. ಮಣ್ಣಿನ ವಾಸ್ತುಶಿಲ್ಪದ ಬಗ್ಗೆ ನಾನು ಓದಿದ ಬರಹಗಳಲ್ಲಿ ಆ ಮೊಣಕಾಲಿನ ಸಾಕ್ಷಿ ಒಂದರಲ್ಲೂ ಇರಲಿಲ್ಲ.

ದೊಡ್ಡವರ ಪುಸ್ತಕಗಳಲ್ಲೂ ಈ ಕುರುಡುಭಾಗ ಉಂಟು. ಈಜಿಪ್ತಿನ ಹಸನ್ ಫಾತಿ ಮಣ್ಣಿನ ಮನೆಗಳ ವಿಷಯದಲ್ಲಿ ಜಗತ್ತಿಗೇ ಗುರು ಎನಿಸಿಕೊಂಡವರು. 1940ರ ದಶಕದಲ್ಲಿ ನೈಲ್ ನದಿಯ ದಂಡೆಯಲ್ಲಿ ನ್ಯೂ ಗುರ್ನಾ ಎಂಬ ಊರನ್ನು ಹಸಿ ಇಟ್ಟಿಗೆಯಲ್ಲಿ ಕಟ್ಟಲು ಹೊರಟರು. ಹಳೆಯ ಊರಿನವರು ಅಲ್ಲಿಗೆ ಹೋಗಲು ಒಪ್ಪಲಿಲ್ಲ, ಕೆಲಸ ಅರ್ಧಕ್ಕೆ ನಿಂತಿತು. ಆ ಅನುಭವದ ಮೇಲೆ ಅವರು ಬರೆದ ಪುಸ್ತಕ 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ಬಡವರ ಮನೆಯ ಬಗ್ಗೆ ಅಷ್ಟು ಪ್ರೀತಿಯಿಂದ ಯೋಚಿಸಿದ ಶಿಲ್ಪಿಗಳು ಕಡಿಮೆ, ಅದನ್ನು ಒಪ್ಪುತ್ತೇನೆ. ಆದರೆ ಅದೇ ಪುಸ್ತಕದಲ್ಲಿ ಬಾವಿಗೆ ನೀರಿಗೆ ಹೋಗುವುದು ಹೆಣ್ಣುಮಕ್ಕಳಿಗೆ ಹೊರಗೆ ಬರುವ ಒಂದು ಅವಕಾಶ, ಮನೆಮನೆಗೆ ನಳ ಬಂದರೆ ಅದು ತಪ್ಪಿಹೋದೀತು ಎಂಬ ಧಾಟಿಯ ವಿಚಾರವೂ ಇದೆ. ಆ ಅವಕಾಶ ಸುಳ್ಳಲ್ಲ. ಬಾವಿಕಟ್ಟೆಯ ಮಾತು, ನಗು, ಕಣ್ಣೀರು ನಮಗೂ ಗೊತ್ತು. ಆದರೆ ತಲೆಯ ಮೇಲಿನ ಕೊಡದ ಭಾರ ಗೊತ್ತಿದ್ದವರು ಬರೆದಿದ್ದರೆ, ನಳವೂ ಬರಲಿ, ಹೊರಗೆ ಬರಲು ಬೇರೆ ದಾರಿಯೂ ಆಗಲಿ ಎಂದು ಬರೆಯುತ್ತಿದ್ದರು.

ಮರುಭೂಮಿಯ ಒಂದು ಊರು ಈ ಮಾತನ್ನು ಇನ್ನೂ ಚೆನ್ನಾಗಿ ತಿಳಿಸುತ್ತದೆ. ಲಿಬಿಯಾ ದೇಶದ ಅಂಚಿನಲ್ಲಿ, ಟ್ಯುನೀಶಿಯಾ ಮತ್ತು ಅಲ್ಜೀರಿಯಾ ಗಡಿಗಳ ಹತ್ತಿರ ಘದಾಮಿಸ್ ಎಂಬ ಹಳೆಯ ಊರಿದೆ. ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ತೊಲೆ. ಕೆಳಗೆ ದವಸ ಇಡುವ ಜಾಗ, ಮೇಲೆ ಮನೆಮಂದಿ, ಅದರ ಮೇಲೆ ಬಯಲು ಮಾಳಿಗೆ. ಓಣಿಗಳ ಮೇಲೂ ಮನೆಗಳು ಹಬ್ಬಿರುವುದರಿಂದ ಕೆಳಗಿನ ದಾರಿಗಳು ನೆರಳಿನ ಸುರಂಗದಂತೆ ಇವೆ. 1986ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲಿಬಿಯಾದ ಒಳಜಗಳದ ಕಾಲದಲ್ಲಿ, 2016ರಲ್ಲಿ, ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2025ರಲ್ಲಿ ಅದರಿಂದ ಹೊರಬಂತು. ಜನ ಹೊಸ ಮನೆಗಳಿಗೆ ಹೋಗಿ ದಶಕಗಳಾದರೂ ಬೇಸಗೆಯಲ್ಲಿ ಹಳೆಯ ಮನೆಯ ತಂಪಿಗೆ ಮರಳುವವರು ಇದ್ದಾರೆ.

ಆ ಊರಿನ ಕೆಳಗಿನ ಓಣಿ ಗಂಡಸರದು, ಮೇಲಿನ ಮಾಳಿಗೆ ಹೆಂಗಸರದು. ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಹೆಂಗಸರು ಊರೆಲ್ಲ ತಿರುಗಬಹುದಿತ್ತು. ಒಳಗಿನ ಬಿಳಿ ಗೋಡೆಗಳ ಮೇಲೆ ಕೆಂಪು ಬಣ್ಣದ ಚಿತ್ತಾರ ಬರೆದವರೂ ಅವರೇ. ಈ ಊರಿನ ಬಗ್ಗೆ ಬರೆಯುವವರೆಲ್ಲ ಈ ‘ಮಾಳಿಗೆಯ ಸ್ವಾತಂತ್ರ್ಯ’ವನ್ನು ಬಣ್ಣಿಸುತ್ತಾರೆ. ಅದು ಚೆಂದವೇ. ಆದರೆ ಓಣಿಯಲ್ಲಿ ಅವರಿಗೆ ಜಾಗವಿರಲಿಲ್ಲ ಎಂದಲ್ಲವೇ ಮಾಳಿಗೆ ಅವರದಾದದ್ದು? ಒಂದೇ ಮಾಳಿಗೆ ಬಿಡುಗಡೆಯೂ ಹೌದು, ಬೇಲಿಯೂ ಹೌದು. ಎರಡನ್ನೂ ಒಟ್ಟಿಗೆ ನೋಡದವರು ಮಾಳಿಗೆಯನ್ನು ಅರ್ಧ ಮಾತ್ರ ನೋಡಿದ ಹಾಗೆ.

ನಮ್ಮ ಊರುಗಳಲ್ಲೂ ಇದರ ಒಂದು ತುಣುಕು ಇತ್ತು. ಗೋಡೆಗೆ ಗೋಡೆ ಕೂಡಿ ಕಟ್ಟಿದ ಮನೆಗಳ ಮಾಳಿಗೆಗಳು ಒಂದಕ್ಕೊಂದು ಹೊಂದಿಕೊಂಡಿರುತ್ತಿದ್ದವು. ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಓಣಿಯ ಹೆಂಗಸರೆಲ್ಲ ಮೇಲೆ ಸೇರುತ್ತಿದ್ದರು. ಕೆಳಗೆ ಕಟ್ಟೆಯ ಮೇಲೆ ಮಾವ, ಭಾವ ಕುಳಿತಿರುವಾಗ ಸೊಸೆಯಂದಿರು ತಲೆಯ ಸೆರಗು ಸರಿಸಿ ಬಾಯಿ ತುಂಬ ಮಾತಾಡಲು ಸಿಕ್ಕ ಜಾಗ ಅದು. ಮೊದಲು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ನಮ್ಮ ತಾಯಂದಿರ ಹಾಡುಗಳನ್ನು ಬರೆದಿಟ್ಟುಕೊಂಡು ‘ಗರತಿಯ ಹಾಡು’ ಎಂದು ಅಚ್ಚುಹಾಕಿಸಿದರು. ಅವರಿಗೆ ಕನ್ನಡವೇ ಋಣಿ. ಆದರೆ ಹಾಡಿದ ಕೊರಳಿಗೆ ಸಿಕ್ಕ ಮರ್ಯಾದೆ ಸಾರಿಸಿದ ಕೈಗೆ ಸಿಗಲಿಲ್ಲ. ಯಾವ ಮಣ್ಣಿಗೆ ಎಷ್ಟು ಹೊಟ್ಟು, ಎಷ್ಟು ದಿನ ಕೊಳೆಸಬೇಕು, ಗೋಡೆ ಬಿರಿಯದಂತೆ ಯಾವ ಹದದಲ್ಲಿ ಸಾರಿಸಬೇಕು ಎಂಬ ಅವರ ವಿದ್ಯೆ ಬಾಯಿಂದ ಬಾಯಿಗೆ ಬಂದು, ಈಗ ಕೊನೆಯ ಬಾಯಿಯಲ್ಲಿ ನಿಂತಿದೆ.

ಮಣ್ಣಿನ ಮನೆಯ ವಿರುದ್ಧ ಹೇಳಬೇಕಾದ ಇನ್ನೂ ಕಠಿಣವಾದ ಮಾತೊಂದಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಇಂಡಿಯಿಂದ ಸೊಲ್ಲಾಪುರ ದಾಟಿದರೆ ಆ ಸೀಮೆ ದೂರವಲ್ಲ. ನಮ್ಮ ಜಿಲ್ಲೆಯಲ್ಲೂ ಪಾತ್ರೆಗಳು ಸದ್ದು ಮಾಡಿದವು. ಅಲ್ಲಿ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ ಜನ. ಅವರನ್ನು ಕೊಂದದ್ದು ಭೂಕಂಪಕ್ಕಿಂತ ಹೆಚ್ಚಾಗಿ ಮನೆಗಳೇ: ಗುಂಡುಕಲ್ಲು-ರಾಡಿಯ ದಪ್ಪ ಗೋಡೆಗಳು, ವರ್ಷ ವರ್ಷ ಹಳೆಯದನ್ನು ತೆಗೆಯದೆ ಮೇಲೆ ಮೇಲೆ ಹೊಸ ಮಣ್ಣು ಹಾಕಿ ಭಾರವಾದ ಮಾಳಿಗೆಗಳು. ಗಟ್ಟಿ ಕಂಬ-ತೊಲೆಯ ಮೇಲೆ ಮಾಳಿಗೆ ನಿಂತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಬೀಳಲಿಲ್ಲ. ಗೋಡೆಯ ಮೇಲೆಯೇ ಭಾರ ಹೇರಿದ ಮನೆಗಳು ಮಲಗಿದವರ ಮೇಲೆಯೇ ಕುಸಿದವು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನಮ್ಮವರಿಗೆ ಮರೆಯುವಂಥದ್ದಲ್ಲ. ಬಿಡದೆ ಸುರಿದ ಮಳೆಗೆ ನೆನೆದ ಗೋಡೆಗಳು ಉತ್ತರ ಕರ್ನಾಟಕದ ತುಂಬ ಕುಸಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗಲೂ ಮೊದಲು ಮಲಗಿದ್ದು ಮಣ್ಣಿನ ಗೋಡೆಗಳೇ. ಚಿತ್ರಪುಸ್ತಕದವರು ಈ ಪುಟಗಳನ್ನು ಹಾರಿಸಿಬಿಡುತ್ತಾರೆ. ಮಕ್ಕಳನ್ನು ಮಲಗಿಸಿ ಮಳೆಯ ಸದ್ದು ಕೇಳುತ್ತ ಕುಳಿತ ತಾಯಿಗೆ ಅದು ಹಾರಿಸುವ ಪುಟವಲ್ಲ.

ಹಾಗಾದರೆ ಸಿಮೆಂಟಿನ ಮನೆಯೇ ಉತ್ತರವೇ? ಅದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಆವಾಸ್ ಯೋಜನೆಯ ಮನೆಗೆ ನಿಗದಿಯಾದ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ಬಯಲುಸೀಮೆಗೆ ಸಹಾಯಧನ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ. ಊರಲ್ಲಿ ಸಿಗುವ ಸಾಮಾನು ಬಳಸಬಾರದೆಂದು ನಿಯಮವೇನೂ ಹೇಳುವುದಿಲ್ಲ. ಆದರೆ ಕಟ್ಟುವ ಗೌಂಡಿಗೆ ಗೊತ್ತಿರುವುದು ಸಿಮೆಂಟು, ಕಟ್ಟಿಸುವವರಿಗೆ ಮರ್ಯಾದೆ ಅನಿಸುವುದೂ ಸಿಮೆಂಟು. ನಾಲ್ಕೈದು ಇಂಚಿನ ಸ್ಲ್ಯಾಬು ಮೇ ತಿಂಗಳ ಬಿಸಿಲನ್ನು ತಡೆಯಲಾರದು. ಹಗಲೆಲ್ಲ ಕಾದು ರಾತ್ರಿಯೆಲ್ಲ ಕೆಳಗೆ ಕಾವು ಬಿಡುತ್ತದೆ. ದುಡ್ಡು ಸಾಲದೆ ತಗಡು ಹೊದಿಸಿದರಂತೂ ಮುಗಿಯಿತು. ಕರೆಂಟು ಹೋದಾಗ ಆ ಮನೆಯಲ್ಲಿ ಮಧ್ಯಾಹ್ನ ಇರಬೇಕಾದವರು ಯಾರು? ಬಾಣಂತಿ, ಕೂಸು, ಮುದುಕಿ, ಒಲೆಯ ಮುಂದಿನ ಸೊಸೆ. ಗಂಡಸರು ಬೇವಿನ ಗಿಡದ ಕೆಳಗೋ ಗುಡಿಯ ಕಟ್ಟೆಗೋ ಹೋಗುತ್ತಾರೆ. ಪಡಸಾಲೆ ಇಲ್ಲ, ಜೋಳದ ಚೀಲ ಇಡಲು ಜಾಗವಿಲ್ಲ, ಎಷ್ಟೋ ಮನೆಗಳಲ್ಲಿ ಮೇಲೆ ಹೋಗಲು ಮೆಟ್ಟಿಲೇ ಇಲ್ಲ. ನೆಲ ಸಾರಿಸುವ ಕಷ್ಟ ತಪ್ಪಿತು, ನಿಜ. ಆದರೆ ಕುದಿಯುವ ಕಷ್ಟ ಹೊಸದಾಗಿ ಬಂತು.

ಆಲಮಟ್ಟಿಯ ನೀರಿಗೆ ಊರು ಕೊಟ್ಟವರ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. ಆಗ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು, ಈಗ ನಿಡಗುಂದಿ ತಾಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಮುಂದೆ ಕೃಷ್ಣೆಯ ದಂಡೆಯ ಊರುಗಳು ಎದ್ದು ಪುನರ್ವಸತಿ ಕೇಂದ್ರಗಳಾದವು. ಅಲ್ಲಿ ರಸ್ತೆ ನೇರ, ಜಾಗ ಚೌಕ, ಮನೆ ಒಂಟಿ. ಮುಳುಗಿದ ಊರಿನ ಜಮೀನಿಗೆ, ಗಿಡಕ್ಕೆ, ಗೋಡೆಗೆ ಬೆಲೆ ಕಟ್ಟುವ ರೀತಿ ಇದೆ. ಮಾಳಿಗೆಗೆ ಮಾಳಿಗೆ ಕೂಡಿದ್ದಕ್ಕೆ, ಆ ಮಾಳಿಗೆಯ ಮೇಲಿನ ಮಧ್ಯಾಹ್ನಗಳಿಗೆ ಬೆಲೆ ಕಟ್ಟುವ ಕಾಲಮ್ಮು ಎಲ್ಲಿದೆ? ಈಗ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಇದೆ. ಏರಿಸಿದರೆ ಇನ್ನಷ್ಟು ಮನೆಗಳು ಹೋಗುತ್ತವೆ. ಹೊಸ ಊರು ಕಟ್ಟುವ ಮುಂಚೆ ಒಂದು ದಿನವಾದರೂ ಆ ಊರುಗಳ ಹೆಂಗಸರನ್ನು ಕೂಡಿಸಿ, ನಿಮಗೆ ಎಂಥ ಮನೆ ಬೇಕು ಎಂದು ಕೇಳಿದರೆ ಅಡ್ಡಿಯೇನು?

ಅವರು ಏನು ಹೇಳಿಯಾರು ಎಂದು ನನಗನಿಸುವುದನ್ನು ಹೇಳಿಬಿಡುತ್ತೇನೆ. ತಂಪು ಇರಲಿ, ಮೊಣಕಾಲು ಉಳಿಯಲಿ. ಮೇಲೆ ಹೋಗಲು ಮೆಟ್ಟಿಲಿರಲಿ, ಮೇಲಿನದು ತಲೆಯ ಮೇಲೆ ಬೀಳದಿರಲಿ. ಇದು ಆಗದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಗಿ, ಹಳ್ಳಿಗೆ ಒಪ್ಪುವ ತಂತ್ರಗಳನ್ನು ಹುಡುಕುವ ಕೆಲಸ ಹಿಡಿಯಿತು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆ ಮಾಡುವ ಪದ್ಧತಿಯನ್ನು ಅಲ್ಲಿಯ ಕೆ. ಎಸ್. ಜಗದೀಶ ಮೊದಲಾದವರು ಬೆಳೆಸಿದರು. ನಮ್ಮ ಎರೆಮಣ್ಣನ್ನು ಹಾಗೆಯೇ ಬಳಸಲಾಗದು. ಮರಳು ಸೇರಿಸಬೇಕು ಅಥವಾ ಬೇರೆ ಮಣ್ಣು ತರಬೇಕು. ಆದರೆ ಆ ಗೋಡೆಗೆ ವರ್ಷಕ್ಕೆರಡು ಸಲ ಮಣ್ಣು ಮೆತ್ತಬೇಕಾಗಿಲ್ಲ ಎಂಬುದು ನನಗೆ ಅದರ ದೊಡ್ಡ ಗುಣ. ಗೋಡೆಯ ಬುಡ ಎತ್ತರಿಸುವುದು, ಬಾಗಿಲಿನ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಒಂದು ಗಟ್ಟಿ ಪಟ್ಟಿ ಕಟ್ಟುವುದು, ಮಾಳಿಗೆಯ ಭಾರ ಇಳಿಸುವುದು, ಹೊಸ ಮಣ್ಣು ಹಾಕುವ ಮುಂಚೆ ಹಳೆಯದನ್ನು ಕೆರೆದು ತೆಗೆಯುವುದು ಕಿಲ್ಲಾರಿ ಕಲಿಸಿದ ಪಾಠಗಳು.

ಇನ್ನು ಉಳಿಯುವ ಸಾರಣೆ, ದುರಸ್ತಿ? ಆಫ್ರಿಕದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರಿದೆ. 1907ರಲ್ಲಿ ಮತ್ತೆ ಕಟ್ಟಿದ ಅಲ್ಲಿಯ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತಾರೆ. ಗೌಂಡಿಗಳ ಸಂಘದ ಹಿರಿಯರು ಮುಂದೆ ನಿಲ್ಲುತ್ತಾರೆ, ಹುಡುಗರು ರಾಡಿ ಹೊತ್ತು ಓಡುತ್ತಾರೆ, ಹೆಣ್ಣುಮಕ್ಕಳು ನೀರು ತರುತ್ತಾರೆ. ಅದೊಂದು ಹಬ್ಬ, ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಕೆಲಸ ಅದೇ: ಮಣ್ಣು ಕಲಸುವುದು, ಮೆತ್ತುವುದು. ಊರು ಕೂಡಿ ಮಾಡಿದರೆ ಹಬ್ಬ. ಒಬ್ಬಳೇ ಸೊಸೆ ಬಗ್ಗಿ ಮಾಡಿದರೆ ಅದು ‘ಮನೆಗೆಲಸ’, ಯಾರ ಕಣ್ಣಿಗೂ ಬೀಳದು. ಮಾಳಿಗೆಯ ತಂಪು ಎಲ್ಲರಿಗೂ ಬೇಕಾದರೆ ಬುಟ್ಟಿಯೂ ಎಲ್ಲರ ತಲೆಯ ಮೇಲೆ ಬರಬೇಕು. ಮಾವ, ಗಂಡ, ಮಗ ಮೂವರೂ ಒಂದು ದಿನ ರಾಡಿ ತುಳಿದರೆ ಯಾರ ಘನತೆಯೂ ಕರಗುವುದಿಲ್ಲ.

ಎಂಟನೆಯ ತರಗತಿಯ ಮಕ್ಕಳಿಗೆ ‘ನಮ್ಮ ಮನೆ’ ಎಂದು ಪ್ರಬಂಧ ಕೊಟ್ಟರೆ ಮಾಳಿಗೆ ಮನೆಯ ಹುಡುಗಿಯರು ಎರಡೇ ಸಾಲು ಬರೆದು ನಿಲ್ಲಿಸುವುದನ್ನು ಎಷ್ಟೋ ವರ್ಷ ಕಂಡಿದ್ದೇನೆ. ಒಬ್ಬಳು, “ನಮ್ಮದು ಇನ್ನೂ ಮನೆ ಆಗಿಲ್ಲ, ಮಣ್ಣಿಂದು ಇದೆ” ಎಂದು ಬರೆದಿದ್ದಳು. ಕಚ್ಚಾ ಎಂಬ ಮಾತು ಕಾಗದದಿಂದ ಇಳಿದು ಆ ಮಗುವಿನ ಎದೆಯೊಳಗೆ ಹೋಗಿ ಕುಳಿತಿತ್ತು. ಅವಳಿಗೆ ಕರಲು ಮಣ್ಣಿನ ಗುಟ್ಟು ಹೇಳಿ, ನಿಮ್ಮ ಅಜ್ಜಿಯನ್ನು ಕೇಳಿಕೊಂಡು ಬಾ ಎಂದು ಕಳಿಸಿದೆ. ಮರುದಿನ ನಾಲ್ಕು ಪುಟ ಬರೆದು ತಂದಳು. ಆ ಮನೆ ಉಳಿಯಲೇಬೇಕೆಂದು ನಾನು ಅವಳಿಗೆ ಹೇಳಲಿಲ್ಲ. ದೊಡ್ಡವಳಾಗಿ ಅವಳು ಸಿಮೆಂಟಿನ ಮನೆಯನ್ನೇ ಕಟ್ಟಿಸಿಕೊಳ್ಳಲಿ, ನಾಚಿಕೆಯಿಂದ ಮಾತ್ರ ಬೇಡ.

ಪಟ್ಟಣ ಸೇರಿದ ಗೆಳತಿಯರೇ, ನಿಮ್ಮಲ್ಲಿ ಬಹಳ ಜನರಿಗೆ ಹಳ್ಳಿಯಲ್ಲಿ ಇನ್ನೂ ಒಂದು ಮಾಳಿಗೆ ಮನೆ ಇರಬಹುದು. ಅಣ್ಣತಮ್ಮಂದಿರು ಇವತ್ತಲ್ಲ ನಾಳೆ ಅದನ್ನು ಕೆಡವುತ್ತಾರೆ. ಅವರ ಜೊತೆ ಜಗಳಾಡಿ ಎಂದು ಹೇಳುತ್ತಿಲ್ಲ. ಕೆಡವುವ ಮುಂಚೆ ಒಂದು ನೋಟುಬುಕ್ಕು ಹಿಡಿದು ಹೋಗಿ. ಎಷ್ಟು ಖಣ, ಗೋಡೆ ಎಷ್ಟು ದಪ್ಪ, ಕರಲು ಮಣ್ಣು ಯಾವ ದಿಬ್ಬದಿಂದ ಬರುತ್ತಿತ್ತು, ಸಾರಣೆಗೆ ಯಾವ ಹದ ಎಂದು ಅವ್ವನನ್ನೋ ಅತ್ತೆಯನ್ನೋ ಕೇಳಿ ಬರೆದುಕೊಳ್ಳಿ. ಹಾಗೆಯೇ ಆ ಮನೆಯನ್ನು ಯಾರು ಯಾರು, ಎಷ್ಟು ವರ್ಷ ಸಾರಿಸಿದರು ಎಂದು ಅವರ ಹೆಸರುಗಳನ್ನೂ ಬರೆಯಿರಿ. ಕಟ್ಟಿಸಿದವರ ಹೆಸರು ಉತಾರದಲ್ಲಿ ಇದ್ದೇ ಇರುತ್ತದೆ.